ಹೊಳೆ ನಮ್ಮ ಹಿತ್ತಿಲಲ್ಲ

ಮಳೆಗಾಲ ಹತ್ತಿರ ಬಂತೆಂದರೆ ಹೊಳೆಬದಿ, ಕಡಲಬದಿಯ ನಮ್ಮ ಮೊಹಲ್ಲಾಗಳಿಂದ ಎರಡು ಮನವಿಗಳು ತಪ್ಪದೆ ಹೊರಡುತ್ತವೆ. ದಂಡೆ ಕೊರೆಯುತ್ತಿದೆ, ತಡೆಗೋಡೆ ಕಟ್ಟಿಕೊಡಿ ಎಂಬುದು ಒಂದು. ಅಳಿವೆಬಾಗಿಲಿನಲ್ಲಿ ಹೂಳು ತುಂಬಿದೆ, ತೆಗೆಸಿಕೊಡಿ ಎಂಬುದು ಇನ್ನೊಂದು. ಎರಡೂ ನ್ಯಾಯವಾದ ಬೇಡಿಕೆಗಳೇ. ಶಾಸಕರ ಕೈಗೂ ಹೋಗುತ್ತವೆ, ಜಿಲ್ಲಾಧಿಕಾರಿ ಕಚೇರಿಗೂ ಹೋಗುತ್ತವೆ, ಫೋಟೋ ಸಮೇತ ಪತ್ರಿಕೆಗಳಿಗೂ ಬರುತ್ತವೆ. ಆದರೆ ಮೂರನೆಯ ಒಂದು ವಿಷಯ ಉಂಟು. ಅದು ಸರಕಾರದ ಮುಂದೆ ಸರಿಯಾಗಿ ಹೋಗುವುದಿಲ್ಲ, ಜಮಾಅತಿನ ಸಭೆಗಂತೂ ಬರುವುದೇ ಇಲ್ಲ. ಅದು ಮನೆಯಿಂದ ಹೊಳೆಗೆ ಬೀಳುವ ಕಸ.

ಇದನ್ನು ಸಣ್ಣ ವಿಷಯ ಅಂತ ಬದಿಗಿಡುವ ಕಾಲ ಕಳೆಯಿತು ಎಂಬುದು ನಮ್ಮ ಅಭಿಪ್ರಾಯ. ಹೊಳೆಬದಿಯ ಮನೆಗಳಿಗೆ ಇದು ಕುಡಿಯುವ ನೀರಿನ, ಮಕ್ಕಳ ಜ್ವರದ, ಮೀನಿನ, ಕೊನೆಗೆ ಆ ಜಾಗದಲ್ಲಿ ಬದುಕುವ ಹಕ್ಕಿನ ಪ್ರಶ್ನೆ. ಹಾಗಾಗಿ ಈ ವಾರ ಇದನ್ನೇ ಬರೆಯುತ್ತಿದ್ದೇವೆ.

ಮೊದಲು ನಾವು ಎಲ್ಲಿ ಬದುಕುತ್ತಿದ್ದೇವೆ ಎಂಬುದನ್ನು ನೋಡೋಣ. ಘಟ್ಟದಿಂದ ಇಳಿದು ಬರುವ ನೇತ್ರಾವತಿ ಉಪ್ಪಿನಂಗಡಿಯಲ್ಲಿ ಕುಮಾರಧಾರೆಯನ್ನು ಕೂಡಿಕೊಂಡು, ಬಂಟ್ವಾಳ, ಪಾಣೆಮಂಗಳೂರು ದಾಟಿ ಉಳ್ಳಾಲದ ಕಡೆಗೆ ಬರುತ್ತದೆ. ಗುರುಪುರ ಹೊಳೆ, ಅಂದರೆ ಫಲ್ಗುಣಿ, ಮರವೂರು, ಕೂಳೂರು ದಾಟಿ ತಣ್ಣೀರುಬಾವಿ, ಬೆಂಗರೆಗಳ ಮರಳ ಪಟ್ಟಿಯ ಒಳಬದಿಯಲ್ಲಿ ತೆಂಕಕ್ಕೆ ಹರಿಯುತ್ತದೆ. ಎರಡೂ ಸೇರಿ ಒಂದೇ ಅಳಿವೆಬಾಗಿಲಿನಿಂದ ಕಡಲಿಗೆ ಹೋಗುತ್ತವೆ. ಈ ಎರಡು ಹೊಳೆಗಳ ಇಕ್ಕೆಲಗಳಲ್ಲಿ ಬ್ಯಾರಿಗಳ ಮನೆಗಳಿಲ್ಲದ ಊರು ಕಡಿಮೆ. ಕಸಬಾ ಬೆಂಗರೆಗೆ ಒಂದು ಬದಿ ಹೊಳೆ, ಇನ್ನೊಂದು ಬದಿ ಕಡಲು. ಉಳ್ಳಾಲ ಕೋಟೆಪುರದ ಕಥೆಯೂ ಹೆಚ್ಚುಕಡಿಮೆ ಅದೇ. ಬಂದರ್, ಕುದ್ರೋಳಿಯಿಂದ ಹಿಡಿದು ಮೇಲೆ ಪಾಣೆಮಂಗಳೂರು, ಗೂಡಿನಬಳಿ, ಉಪ್ಪಿನಂಗಡಿಯವರೆಗೆ ನಮ್ಮವರ ಬದುಕು ನೀರಿನ ಪಕ್ಕದಲ್ಲೇ.

ಹೊಳೆಯ ಕೆಳಗಿನ ಭಾಗದಲ್ಲಿ ನೀರು ಒಂದೇ ದಿಕ್ಕಿಗೆ ಹರಿಯುವುದಿಲ್ಲ. ದಿನಕ್ಕೆ ಎರಡು ಸಲ ಭರತ, ಎರಡು ಸಲ ಇಳಿತ. ಭರತದಲ್ಲಿ ಕಡಲ ನೀರು ಹೊಳೆಯೊಳಗೆ ನುಗ್ಗಿ ಮೇಲಕ್ಕೆ ಹೋಗುತ್ತದೆ. ಮೀನುಗಾರರಿಗೆ, ಮರುವಾಯಿ ಹೆಕ್ಕುವವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಆದರೆ ಕಸ ಎಸೆಯುವಾಗ ಮಾತ್ರ ಇದು ಮರೆತುಹೋಗುತ್ತದೆ. ಇಳಿತದಲ್ಲಿ ಎಸೆದ ತೊಟ್ಟೆ ಕಡಲಿಗೆ ಹೋಯಿತು ಅಂತ ಅಂದುಕೊಳ್ಳುತ್ತೇವೆ. ಸಂಜೆಯ ಭರತ ಅದನ್ನು ವಾಪಸು ತಂದು ಹತ್ತು ಮನೆ ಆಚೆಯ ಕಡವಿನಲ್ಲಿ ಇಡುತ್ತದೆ. ಬೆಂಗರೆಯವರ ಕಸ ಬಂದರಿಗೆ, ಬಂದರಿನವರ ಕಸ ಬೆಂಗರೆಗೆ, ಮೇಲಿನ ಊರುಗಳ ಕಸ ಕೋಟೆಪುರಕ್ಕೆ. ಮಳೆಗಾಲದ ಮೊದಲ ದೊಡ್ಡ ನೀರು ಇಡೀ ವರ್ಷದ್ದನ್ನು ಒಟ್ಟು ಗುಡಿಸಿ ಕಡಲಿಗೆ ತಳ್ಳುತ್ತದೆ. ಕಡಲು ಅದನ್ನು ಮರಳಿ ದಂಡೆಗೆ ಹಾಕುತ್ತದೆ. ಹೊಳೆಗೆ ಹಾಕಿದ್ದು ಹೋಗಿಬಿಡುತ್ತದೆ ಎಂಬುದೇ ದೊಡ್ಡ ಭ್ರಮೆ.

ಮುಂಬಾಗಿಲು ಹಿಂಬಾಗಿಲಾದ ಕಥೆ

ಹಿಂದೆ ಹೀಗಿರಲಿಲ್ಲ. ಬ್ಯಾರಿ ಎಂಬ ಹೆಸರೇ ವ್ಯಾಪಾರದಿಂದ ಬಂತು ಎನ್ನುತ್ತಾರೆ. ಆ ವ್ಯಾಪಾರಕ್ಕೆ ದಾರಿ ಹೊಳೆಯೇ ಆಗಿತ್ತು. ಸೇತುವೆ, ಡಾಮರು ರಸ್ತೆ ಇಲ್ಲದ ಕಾಲದಲ್ಲಿ ಪಾಣೆಮಂಗಳೂರು, ಬಂಟ್ವಾಳದ ಸಾಮಾನು ದೋಣಿಯಲ್ಲೇ ಮಂಗಳೂರು ಬಂದರಿಗೆ ಬರುತ್ತಿತ್ತು. 1865ರಲ್ಲಿ ಬಾಸೆಲ್ ಮಿಷನ್ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಹಾಕಿದ್ದು ನೇತ್ರಾವತಿಯ ದಂಡೆಯಲ್ಲಿ. ಮಣ್ಣು ದೋಣಿಯಲ್ಲಿ ಬರಲು, ಹಂಚು ದೋಣಿಯಲ್ಲಿ ಹೋಗಲು ಅನುಕೂಲ ಅಂತ. ಅಂದು ಹೊಳೆ ಮನೆಯ ಮುಂದಿನ ದಾರಿ. ಕಡವನ್ನು ಹೊಲಸು ಮಾಡುವವನಿಗೆ ಹಿರಿಯರು ಬಯ್ಯುತ್ತಿದ್ದರು, ಯಾಕೆಂದರೆ ಅದೇ ಕಡವಿನಲ್ಲಿ ಎಲ್ಲರೂ ಇಳಿಯಬೇಕು, ಹತ್ತಬೇಕು.

ರಸ್ತೆ ಬಂದ ಮೇಲೆ ಮನೆಗಳು ತಿರುಗಿ ನಿಂತವು. ಗೇಟು, ಸಿಟೌಟ್, ಕಾರು ನಿಲ್ಲಿಸುವ ಜಾಗ ಎಲ್ಲ ರಸ್ತೆಯ ಕಡೆಗೆ. ಅಡುಗೆ ಕೋಣೆ, ಬಚ್ಚಲು, ಪಿಟ್ಟು ಹೊಳೆಯ ಕಡೆಗೆ. ಅಂಗಳವನ್ನು ದಿನಾ ಬೆಳಗ್ಗೆ ಗುಡಿಸುತ್ತೇವೆ. ಹಿತ್ತಿಲಿಗೆ ಬೇಡದ್ದನ್ನೆಲ್ಲ ಎಸೆಯುತ್ತೇವೆ. ಹೊಳೆ ಅಂಗಳದಿಂದ ಹಿತ್ತಿಲಿಗೆ ಹೋಯಿತು. ಹಿಂದೆ ಹಿತ್ತಿಲಿಗೆ ಬೀಳುತ್ತಿದ್ದದ್ದು ಬಾಳೆಎಲೆ, ಮೀನಿನ ಮುಳ್ಳು, ತೆಂಗಿನ ಸಿಪ್ಪೆ. ಕೊಳೆತು ಮಣ್ಣಾಗುತ್ತಿತ್ತು. ಈಗ ಬೀಳುವುದು ಹಾಲಿನ ತೊಟ್ಟೆ, ಪಾರ್ಸೆಲ್ ಡಬ್ಬಿ, ಥರ್ಮೋಕೋಲ್, ಮಕ್ಕಳ ಡೈಪರ್. ಅಭ್ಯಾಸ ಹಳೆಯದು, ಕಸ ಹೊಸದು. ತೊಂದರೆ ಇಲ್ಲಿಂದಲೇ ಶುರು.

ಡೈಪರ್, ಪ್ಯಾಡ್‌ಗಳ ವಿಷಯವನ್ನು ನಾಚಿಕೆ ಬಿಟ್ಟು ಮಾತಾಡಬೇಕು. ಹೊಳೆಗೆ, ತೋಡಿಗೆ ರಾತ್ರಿ ಹೊತ್ತು ಬೀಳುವ ತೊಟ್ಟೆಗಳಲ್ಲಿ ಇವೇ ಹೆಚ್ಚು ಕಾಣಸಿಗುತ್ತವೆ. ಡೈಪರ್ ಸುಟ್ಟರೆ ಮಗುವಿನ ಮೈಗೆ ಉರಿ ಬರ್ತದೆ, ಅದಕ್ಕೆ ನೀರಿಗೆ ಬಿಡಬೇಕು ಎಂಬ ಮಾತು ಕೆಲವು ಮನೆಗಳಲ್ಲಿ ಉಂಟು. ಇದಕ್ಕೆ ದೀನಿನಲ್ಲೂ ಆಧಾರ ಇಲ್ಲ, ವೈದ್ಯಶಾಸ್ತ್ರದಲ್ಲೂ ಇಲ್ಲ. ಸುಡುವುದೂ ಬೇಡ, ನೀರಿಗೆ ಬಿಡುವುದೂ ಬೇಡ. ಕಾಗದದಲ್ಲಿ ಸುತ್ತಿ, ಗುರುತು ಸಿಗುವ ಹಾಗೆ ಬೇರೆಯೇ ಇಟ್ಟು ಕಸದ ಗಾಡಿಗೆ ಕೊಡಬೇಕು. ಸುತ್ತಿಯೇ ಕೊಡಬೇಕೆಂದು 2016ರಲ್ಲಿ ಬಂದ ಘನತ್ಯಾಜ್ಯ ನಿರ್ವಹಣೆ ನಿಯಮಗಳೂ ಹೇಳಿದ್ದವು. ಅದನ್ನು ಕೈಯಲ್ಲಿ ಹೆಕ್ಕುವ ಪೌರಕಾರ್ಮಿಕನೂ ಒಬ್ಬ ಮನುಷ್ಯ ಎಂಬುದು ನಮಗೆ ನೆನಪಿರಬೇಕು.

ಹೊಳೆ ನಮಗೆ ವಾಪಸು ಕೊಡುವುದು

ಹೊಳೆಗೆ ಹಾಕಿದ್ದು ನಾಲ್ಕು ದಾರಿಯಲ್ಲಿ ನಮ್ಮ ಮನೆಗೇ ಬರುತ್ತದೆ.

ಮೊದಲನೆಯದು ನೆರೆ. ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿಲಿಮೀಟರಿಗಿಂತ ಹೆಚ್ಚು ಮಳೆ ಬೀಳುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಅಷ್ಟು ನೀರು ತೋಡು, ರಾಜಕಾಲುವೆಗಳ ಮೂಲಕ ಹೊಳೆಗೆ ಇಳಿಯಬೇಕು. ಭರತದ ಹೊತ್ತಿಗೆ ಜೋರು ಮಳೆ ಬಂದರೆ ಹೊಳೆಯೇ ತುಂಬಿ ನಿಂತಿರುತ್ತದೆ, ತೋಡಿನ ನೀರಿಗೆ ಹೋಗಲು ಜಾಗ ಇರುವುದಿಲ್ಲ. ಅಂಥ ಹೊತ್ತಿನಲ್ಲಿ ತೋಡಿನ ಬಾಯಿಗೆ ಪ್ಲಾಸ್ಟಿಕ್ ಸಿಕ್ಕಿಕೊಂಡರೆ ನೀರು ತಗ್ಗಿನ ಮನೆಗಳಿಗೇ ನುಗ್ಗುತ್ತದೆ. 1923ರ ಮಾರಿಬೊಳ್ಳ, 1974ರ ಬಂಟ್ವಾಳದ ನೆರೆಯ ಮಾತು ಈಗಲೂ ಹಿರಿಯರ ಬಾಯಲ್ಲಿ ಉಂಟು. ಅವು ಘಟ್ಟದ ಮಳೆಯಿಂದ ಬಂದ ದೊಡ್ಡ ನೆರೆ. ಈಗ ಎರಡು ಗಂಟೆಯ ಮಳೆಗೇ ಓಣಿಯಲ್ಲಿ ಮೊಣಕಾಲು ನೀರು ನಿಂತರೆ ಅದಕ್ಕೆ ಮಳೆಯನ್ನು ಮಾತ್ರ ದೂರಿ ಪ್ರಯೋಜನ ಇಲ್ಲ.

ಎರಡನೆಯದು ಜ್ವರ. ಮಂಗಳೂರಿಗೂ ಮಲೇರಿಯಾಕ್ಕೂ ಇರುವ ಸಂಬಂಧ ಹಳೆಯದು. ಪೇಟೆಯಲ್ಲಿ ಮಲೇರಿಯಾ ಹರಡುವ ಸೊಳ್ಳೆ ಮೊಟ್ಟೆ ಇಡುವುದು ಹೆಚ್ಚಾಗಿ ನಿಂತ ತಿಳಿನೀರಿನಲ್ಲಿ. ಡೆಂಗ್ಯೂ ಸೊಳ್ಳೆಯೂ ಹಾಗೆಯೇ. ಎಸೆದ ಸೀಯಾಳದ ಚಿಪ್ಪು, ಐಸ್‌ಕ್ರೀಮ್ ಡಬ್ಬಿ, ದೋಣಿಗೆ ಕಟ್ಟುವ ಹಳೆ ಟಯರ್, ಮುಚ್ಚಳ ಇಲ್ಲದ ಡ್ರಮ್ ಎಲ್ಲವೂ ಅದರ ತೊಟ್ಟಿಲು. ಮೊಟ್ಟೆ ಸೊಳ್ಳೆಯಾಗಲು ಒಂದು ವಾರ, ಹತ್ತು ದಿನ ಸಾಕು. ವಾರಕ್ಕೊಮ್ಮೆ ನಿಂತ ನೀರು ಚೆಲ್ಲಿದರೆ ಅರ್ಧ ಕೆಲಸ ಆಯಿತು.

ಮೂರನೆಯದು ಬಾವಿ. ಬೆಂಗರೆ, ಕೋಟೆಪುರದಂಥ ಮರಳು ಜಾಗದಲ್ಲಿ ಸಿಹಿನೀರು ಉಪ್ಪುನೀರಿನ ಮೇಲೆ ತೆಳುವಾಗಿ ನಿಂತಿರುತ್ತದೆ. ಮರಳಿನಲ್ಲಿ ಮೇಲಿನ ಕೊಳೆ ಬೇಗ ಕೆಳಗಿಳಿಯುತ್ತದೆ. ಶೌಚದ ಪಿಟ್ಟಿಗೂ ಕುಡಿಯುವ ನೀರಿನ ಬಾವಿಗೂ ಕನಿಷ್ಠ 15 ಮೀಟರ್, ಅಂದರೆ 50 ಅಡಿ ಅಂತರ ಬೇಕು ಎನ್ನುತ್ತಾರೆ. ಮೂರು ಸೆಂಟ್ಸ್, ಐದು ಸೆಂಟ್ಸ್ ಜಾಗದಲ್ಲಿ ಅಣ್ಣ ತಮ್ಮಂದಿರ ಮನೆಗಳು ಒತ್ತೊತ್ತಾಗಿ ನಿಂತಿರುವಲ್ಲಿ ಅದು ಆಗುವ ಮಾತಲ್ಲ. ಇದು ಮನೆಯವರ ತಪ್ಪಲ್ಲ. ಒಳಚರಂಡಿ, ನಳ್ಳಿ ನೀರು ಕೊಡಬೇಕಾದದ್ದು ಸರಕಾರ. ಆದರೆ ಬಾವಿಯ ನೀರನ್ನು ವರ್ಷಕ್ಕೆ ಒಮ್ಮೆ ಪರೀಕ್ಷೆ ಮಾಡಿಸುವುದು, ಕುದಿಸಿ ಕುಡಿಯುವುದು ನಮ್ಮ ಕೈಯಲ್ಲಿದೆ.

ನಾಲ್ಕನೆಯದು ಊಟ. ಮರುವಾಯಿ ನೀರನ್ನು ಒಳಗೆ ಎಳೆದು ಸೋಸಿ ಬದುಕುವ ಜೀವ. ಹೊಳೆಯಲ್ಲಿ ಏನಿದೆಯೋ ಅದು ಅದರ ಮೈಯೊಳಗೂ ಹೋಗುತ್ತದೆ. ಸಿಗಡಿಯ ಮರಿ ಬೆಳೆಯುವುದು ಅಳಿವೆಯ ಉಪ್ಪುಸಿಹಿ ನೀರಿನಲ್ಲಿ, ಕಾಂಡ್ಲಾ ಗಿಡಗಳ ಬೇರಿನ ಸಂದಿಯಲ್ಲಿ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುತ್ತದೆ. ಮೀನು ಮರಿಯಿಡಲಿ ಎಂಬುದು ಅದರ ಉದ್ದೇಶ. ಆ 61 ದಿನ ಬೋಟು ದಡದಲ್ಲಿ ಕಟ್ಟಿ ಸಾಲ ಮಾಡಿ ಮನೆ ನಡೆಸುವವರು ನಮ್ಮವರೇ. ಅದೇ ಎರಡು ತಿಂಗಳು ಮಳೆ ನೀರಿನ ಜೊತೆ ಕಸವೂ ಅಳಿವೆಗೆ ಹೋದರೆ ಆ ತ್ಯಾಗಕ್ಕೆ ಬೆಲೆ ಎಲ್ಲಿ? ನಾಡದೋಣಿಯವರ ಬಲೆಗೆ ಮೀನಿಗಿಂತ ಮೊದಲು ಪ್ಲಾಸ್ಟಿಕ್ ಬಂದರೆ ಬಲೆ ಬಿಡಿಸುವುದರಲ್ಲೇ ದಿನ ಹೋಗುತ್ತದೆ.

"ಅವರು ವಿಷ ಬಿಡುವಾಗ ನಮ್ಮ ಒಂದು ತೊಟ್ಟೆ ದೊಡ್ಡದಾ?"

ಈ ಮಾತು ಹೇಳಿದರೆ ಬರುವ ಮೊದಲ ಉತ್ತರ ಇದು. ಉತ್ತರದಲ್ಲಿ ನ್ಯಾಯ ಇದೆ. ಬೈಕಂಪಾಡಿ ಕೈಗಾರಿಕಾ ಪ್ರದೇಶದ ಕಡೆಯಿಂದ ತೋಕೂರು ಹಳ್ಳದ ಮೂಲಕ ಫಲ್ಗುಣಿಗೆ ಕೊಳಚೆ ಸೇರುತ್ತಿದೆ ಎಂಬ ದೂರು ಹಲವು ವರ್ಷಗಳದ್ದು. ಪೇಟೆಯ ಚರಂಡಿ ನೀರು ರಾಜಕಾಲುವೆಗೆ ಇಳಿಯುವುದನ್ನು ಯಾರೂ ನೋಡಬಹುದು. 2019ರ ಆಗಸ್ಟ್‌ನಲ್ಲಿ ಪಚ್ಚನಾಡಿಯ ತ್ಯಾಜ್ಯದ ಗುಡ್ಡೆ ಮಳೆಗೆ ಜಾರಿ ಮಂದಾರದ ಮನೆ, ತೋಟ, ಬಾವಿಗಳ ಮೇಲೆ ಬಂತು. ಜನ ತಮ್ಮ ಮನೆ ಬಿಟ್ಟು ಹೋಗಬೇಕಾಯಿತು. ಅಲ್ಲಿಂದ ಇಳಿದ ಕಪ್ಪು ನೀರು ತೋಡು ಸೇರಿ ಫಲ್ಗುಣಿಯನ್ನೂ ಮುಟ್ಟಿತು. ಅದನ್ನು ಮಾಡಿದ್ದು ಹೊಳೆಬದಿಯ ಯಾವ ಬಡವನೂ ಅಲ್ಲ.

ಆದರೆ ಪಚ್ಚನಾಡಿಯ ಆ ಗುಡ್ಡೆ ಯಾವುದರಿಂದ ಆಗಿತ್ತು? ಹಸಿ, ಒಣ ಬೇರೆ ಮಾಡದೆ ಇಡೀ ನಗರ ಒಟ್ಟಿಗೆ ಕಟ್ಟಿ ಕೊಟ್ಟ ತೊಟ್ಟೆಗಳಿಂದ. ಗಾಡಿಗೆ ಕೊಟ್ಟರೂ ಬೆರೆಸಿ ಕೊಟ್ಟರೆ ಅದು ಬೇರೆ ದಾರಿಯಿಂದ ಅದೇ ಹೊಳೆಗೆ ಬಂತು. ಆದ್ದರಿಂದ ಗಾಡಿಗೆ ಕೊಟ್ಟರೆ ಸಾಲದು, ಬೇರೆ ಮಾಡಿ ಕೊಡಬೇಕು. ಹಸಿ ಒಂದು ಕಡೆ, ಒಣ ಒಂದು ಕಡೆ, ಬಲ್ಬ್, ಬ್ಯಾಟರಿ, ಔಷಧಿಯಂಥ ಅಪಾಯದ್ದು ಇನ್ನೊಂದು ಕಡೆ. ಹಿತ್ತಿಲಲ್ಲಿ ನಾಲ್ಕು ತೆಂಗಿನ ಮರ ಇದ್ದವರು ಹಸಿಕಸವನ್ನು ಗಾಡಿಗೆ ಕೊಡಬೇಕಾಗಿಯೇ ಇಲ್ಲ. ಬುಡಕ್ಕೆ ಗುಂಡಿ ತೋಡಿ ಹಾಕಿದರೆ ಅದೇ ಗೊಬ್ಬರ. ಪ್ಲಾಸ್ಟಿಕ್ಕನ್ನು ಒಲೆಗೆ ಹಾಕುವುದನ್ನು, ಹಿತ್ತಿಲಲ್ಲಿ ಸುಡುವುದನ್ನು ಮಾತ್ರ ಬಿಡಲೇಬೇಕು. ಆ ಹೊಗೆಯನ್ನು ಮೊದಲು ಕುಡಿಯುವುದು ಅಡುಗೆ ಕೋಣೆಯಲ್ಲಿರುವ ಉಮ್ಮ, ಅವಳ ಸೆರಗು ಹಿಡಿದ ಮಗು.

ಇನ್ನೊಂದು ಮಾತು. ಕಾರ್ಖಾನೆಯ ಮೇಲೆ, ಪಾಲಿಕೆಯ ಮೇಲೆ ದೂರು ಕೊಡುವಾಗ ನಮ್ಮ ಕಡವು ಚೊಕ್ಕ ಇದ್ದರೆ ಆ ದೂರಿಗೆ ತೂಕ ಹೆಚ್ಚು. ಅಧಿಕಾರಿ ಬಂದಾಗ ಮೊದಲು ಕಣ್ಣಿಗೆ ಬೀಳುವುದು ಮನೆಯ ಹಿಂದಿನ ಕಸವಾದರೆ, ಕಾರ್ಖಾನೆಯ ಪೈಪು ಆಮೇಲೆ ಕಾಣಿಸುವುದೇ ಇಲ್ಲ. "ನಿಮ್ಮವರೇ ಹಾಕ್ತಾರಲ್ಲ" ಎಂಬ ಒಂದು ವಾಕ್ಯದಲ್ಲಿ ಕಡತ ಮುಚ್ಚಿಹೋಗುತ್ತದೆ.

ದಂಡೆ ಯಾರದು?

ಇಲ್ಲಿಯೇ ದೊಡ್ಡ ವಿಷಯ ಇರುವುದು. ಮಂಗಳೂರಿನಲ್ಲಿ ಈಗ ಎಲ್ಲರ ಕಣ್ಣು ಹೊಳೆಬದಿಯ ಮೇಲೆ. ಸ್ಮಾರ್ಟ್ ಸಿಟಿ ಯೋಜನೆಯಡಿ ನೇತ್ರಾವತಿಯ ದಂಡೆಯಲ್ಲಿ ನಡಿಗೆ ಪಥದ ಕೆಲಸ ಆಯಿತು. ಪ್ರವಾಸೋದ್ಯಮ, ರೆಸಾರ್ಟ್, ಬೋಟಿಂಗ್ ಎಂಬ ಮಾತುಗಳು ಆಗಾಗ ಬರುತ್ತವೆ. ಒಂದು ಕಾಲದಲ್ಲಿ ಯಾರಿಗೂ ಬೇಡವಾಗಿದ್ದ ಮರಳು ಜಾಗಕ್ಕೆ ಈಗ ಬೆಲೆ ಬಂದಿದೆ. ಆ ಜಾಗದಲ್ಲಿ ಮೂರು ತಲೆಮಾರಿನಿಂದ ಇರುವ ಎಷ್ಟೋ ಮನೆಗಳ ಹಕ್ಕುಪತ್ರದ ಪ್ರಶ್ನೆ ಮಾತ್ರ ಸುಲಭವಾಗಿ ಮುಗಿಯುವುದಿಲ್ಲ. 1991ರಿಂದ ಕರಾವಳಿ ನಿಯಂತ್ರಣ ವಲಯದ ನಿಯಮ ಬೇರೆ ಉಂಟು. ಕಡಲ ಭರತದ ಗೆರೆಯಿಂದ 500 ಮೀಟರ್‌ವರೆಗೆ ಅದು ಅನ್ವಯಿಸುತ್ತದೆ.

ಇಂಥ ಹೊತ್ತಿನಲ್ಲಿ "ಸ್ವಚ್ಛತೆ" ಎಂಬ ಶಬ್ದವನ್ನು ಯಾರು ಹೇಳುತ್ತಾರೆ ಎಂಬುದು ಮುಖ್ಯ. ದಂಡೆಯನ್ನು ಅಲ್ಲಿನ ಜನ ತಾವೇ ನೋಡಿಕೊಂಡರೆ ಅದು ಅವರ ಊರು. ನೋಡಿಕೊಳ್ಳದಿದ್ದರೆ ನಾಳೆ ಯಾರೋ ಬಂದು ಈ ಜಾಗ ಹೊಲಸಾಗಿದೆ, ಸುಂದರ ಮಾಡುತ್ತೇವೆ ಎನ್ನುತ್ತಾರೆ. ಆ ಸುಂದರ ನಕ್ಷೆಯಲ್ಲಿ ನಮ್ಮ ಮನೆ, ನಮ್ಮ ಬಲೆ ಒಣಗಿಸುವ ಜಾಗ ಇರುತ್ತದೆ ಎಂಬ ಖಾತ್ರಿ ಇಲ್ಲ. ಹೊಳೆಯನ್ನು ಕಾಯುವುದು ಹಕ್ಕಿನ ಹೋರಾಟದ ಒಂದು ಭಾಗ ಎಂದು ನಾವು ಹೇಳುವುದು ಇದಕ್ಕೇ.

ದಂಡೆಯ ಅಭಿವೃದ್ಧಿ ಅಂದರೆ ಕಲ್ಲು, ಸಿಮೆಂಟ್ ಎಂದೇ ತಿಳಿಯುವುದೂ ಬೇಡ. ಮನೆ ಬೀಳುವ ಜಾಗಕ್ಕೆ ತಡೆಗೋಡೆ ಬೇಕೇ ಬೇಕು. ಆದರೆ ಒಂದು ಕಡೆ ಕಲ್ಲು ಹಾಕಿದರೆ ಕೊರೆತ ಅದರ ಪಕ್ಕದ ಊರಿಗೆ ಸರಿಯುತ್ತದೆ ಎಂಬುದನ್ನು ಕಡಲಬದಿಯವರು ಕಣ್ಣಾರೆ ನೋಡಿದ್ದಾರೆ. ಹೊಳೆಯ ಒಳಬದಿಯಲ್ಲಿ ಕಾಂಡ್ಲಾ ಗಿಡಗಳು ಮಣ್ಣು ಹಿಡಿದು ನಿಲ್ಲಿಸುತ್ತವೆ, ಅಲೆಯ ಹೊಡೆತ ತಗ್ಗಿಸುತ್ತವೆ. ಕೆಸರು, ಸೊಳ್ಳೆ ಅಂತ ಅದನ್ನು ಕಡಿದು, ಕಟ್ಟಡದ ಕಲ್ಲುಮಣ್ಣು ತುಂಬಿ ಎರಡು ಸೆಂಟ್ಸ್ ಜಾಗ ಮಾಡಿಕೊಳ್ಳುವವರು ತಮ್ಮ ಮನೆಯ ಬೇಲಿಯನ್ನೇ ಕಡಿದ ಹಾಗೆ.

ಒಂದೇ ಹಡಗಿನ ಜನ

ಶುಚಿತ್ವಕ್ಕೂ ಈಮಾನಿಗೂ ಇರುವ ಸಂಬಂಧ ನಮ್ಮ ಮದ್ರಸದ ಸಣ್ಣ ತರಗತಿಯ ಮಕ್ಕಳಿಗೂ ಗೊತ್ತು. ದಾರಿಯಲ್ಲಿ ಜನರಿಗೆ ತೊಂದರೆ ಕೊಡುವ ವಸ್ತುವನ್ನು ಸರಿಸುವುದನ್ನು ಪ್ರವಾದಿಯವರು (ಸ.ಅ.) ಪುಣ್ಯದ ಕೆಲಸದಲ್ಲಿ ಸೇರಿಸಿದ್ದಾರೆ. ನೀರಿನ ಮೂಲ, ಜನ ನಡೆಯುವ ದಾರಿ, ನೆರಳಿರುವ ಜಾಗ ಹೊಲಸು ಮಾಡುವುದನ್ನು ಕಟ್ಟುನಿಟ್ಟಾಗಿ ತಡೆದಿದ್ದಾರೆ. ಹರಿಯುವ ಹೊಳೆಯ ದಡದಲ್ಲಿ ಕುಳಿತು ವುಝೂ ಮಾಡುವಾಗಲೂ ನೀರು ದುಂದು ಮಾಡಬಾರದೆಂಬ ಪಾಠವನ್ನು ನಮ್ಮ ಉಸ್ತಾದರುಗಳು ಹೇಳಿಕೊಡುತ್ತಾರೆ.

ಹೊಳೆಬದಿಯವರಿಗೆ ಇನ್ನೂ ಹತ್ತಿರವಾದ ಒಂದು ಉದಾಹರಣೆ ಸಹೀಹ್ ಬುಖಾರಿಯಲ್ಲಿ ಇದೆ. ಒಂದು ಹಡಗು. ಕೆಲವರಿಗೆ ಮೇಲಿನ ಅಂತಸ್ತು, ಕೆಲವರಿಗೆ ಕೆಳಗಿನದು. ಕೆಳಗಿನವರು ನೀರಿಗಾಗಿ ಪ್ರತಿ ಸಲ ಮೇಲಿನವರನ್ನು ದಾಟಿ ಹೋಗಬೇಕು. ಯಾರಿಗೂ ತೊಂದರೆ ಬೇಡ, ನಮ್ಮ ಭಾಗದಲ್ಲೇ ಒಂದು ತೂತು ಕೊರೆದುಕೊಳ್ಳೋಣ ಎಂದು ಅವರಿಗೆ ಕಾಣುತ್ತದೆ. ಮೇಲಿನವರು ಸುಮ್ಮನಿದ್ದರೆ ಎಲ್ಲರೂ ಮುಳುಗುತ್ತಾರೆ, ಕೈ ಹಿಡಿದು ತಡೆದರೆ ಎಲ್ಲರೂ ಉಳಿಯುತ್ತಾರೆ. ಇದರ ಪಾಠ ಎರಡೂ ಕಡೆಗೆ ಸಲ್ಲುತ್ತದೆ. "ನನ್ನ ಮನೆ ಹಿಂದೆ ನಾನು ಹಾಕಿದರೆ ನಿಮಗೇನು?" ಎಂದು ಕೇಳುವವನಿಗೂ, "ಅದು ಅವರ ಓಣಿಯ ವಿಷಯ, ನಮಗ್ಯಾಕೆ?" ಎಂದು ಸುಮ್ಮನಿರುವವನಿಗೂ. ಕೆಳಗಿನವರಿಗೆ ನೀರು ಸಿಗುವ ದಾರಿ ಮಾಡಿಕೊಡುವ ಜವಾಬ್ದಾರಿ ಮೇಲಿನವರಿಗೆ ಇಲ್ಲವೇ ಎಂದೂ ಕೇಳಿಕೊಳ್ಳಬೇಕು. ಕಸದ ಗಾಡಿ ಹೋಗದ ಓಣಿಯ ಮನೆಯವರಿಗೆ ಹೊಳೆಗೆ ಹಾಕಬೇಡಿ ಅಂತ ಹೇಳಿದರೆ ಸಾಲದು. ಎಲ್ಲಿ ಹಾಕಬೇಕು ಎಂದೂ ತೋರಿಸಬೇಕು.

ಜಮಾಅತಿನಿಂದ ಆಗುವ ಕೆಲಸ

ಜುಮಾದ ದಿನ ಒಂದು ಭಾಷಣ ಮಾಡಿದರೆ, ವರ್ಷಕ್ಕೊಮ್ಮೆ ಗ್ಲೌಸ್ ಹಾಕಿ ಫೋಟೋ ತೆಗೆದರೆ ಹೊಳೆ ಚೊಕ್ಕ ಆಗುವುದಿಲ್ಲ. ನಮ್ಮಲ್ಲಿ ಬೇರೆಯವರಿಗೆ ಇಲ್ಲದ ಒಂದು ಶಕ್ತಿ ಉಂಟು. ಪ್ರತಿ ಮೊಹಲ್ಲಾಕ್ಕೆ ಒಂದು ಜಮಾಅತ್, ಅದರ ಪುಸ್ತಕದಲ್ಲಿ ಪ್ರತಿ ಮನೆಯ ಹೆಸರು, ತಿಂಗಳ ವರಿ, ಆಡಳಿತ ಸಮಿತಿ, ಮಹಾಸಭೆ. ನಿಕಾಹ್, ಮಯ್ಯಿತ್, ಮನೆ ಜಗಳ ಎಲ್ಲ ಅಲ್ಲಿಗೆ ಬರುತ್ತದೆ. ಕಸವೂ ಅಲ್ಲಿಗೆ ಬರಲಿ.

ಮೊದಲ ಕೆಲಸ ಲೆಕ್ಕ. ಯಾವ ಓಣಿಗೆ ಗಾಡಿ ಬರುತ್ತದೆ, ಯಾವುದಕ್ಕೆ ಬರುವುದಿಲ್ಲ, ಎಷ್ಟು ಮನೆ, ವಾರಕ್ಕೆ ಎಷ್ಟು ದಿನ. ಯುವಕರು ಎರಡು ಭಾನುವಾರ ನಡೆದರೆ ಪಟ್ಟಿ ಆಗುತ್ತದೆ. ಆ ಪಟ್ಟಿಯೊಂದಿಗೆ ಪಾಲಿಕೆಗೋ ನಗರಸಭೆಗೋ ಪಂಚಾಯತಿಗೋ ಲಿಖಿತ ಮನವಿ ಕೊಟ್ಟು ಸ್ವೀಕೃತಿ ಪಡೆಯಬೇಕು. "ಗಾಡಿ ಬರುವುದಿಲ್ಲ" ಎಂಬ ಬಾಯಿಮಾತಿಗೆ ಉತ್ತರ ಸಿಗುವುದಿಲ್ಲ. ಇಷ್ಟು ಓಣಿ, ಇಷ್ಟು ಮನೆ ಎಂಬ ಕಾಗದಕ್ಕೆ ಉತ್ತರ ಕೊಡಲೇಬೇಕಾಗುತ್ತದೆ. ಗಾಡಿ ತಿರುಗದ ಓಣಿಯ ಬಾಯಲ್ಲಿ ಎಲ್ಲರೂ ತಂದಿಡುವ ಒಂದು ಜಾಗ, ಒಂದು ಹೊತ್ತು ಗೊತ್ತು ಮಾಡಬಹುದು.

ಎರಡನೆಯದು ಮದುವೆ, ಮೌಲೂದ್, ನೇರ್ಚೆ. ಒಂದು ಮದುವೆಯ ರಾತ್ರಿ ಏಳುವ ಕಸ ಒಂದು ಮೊಹಲ್ಲಾದ ವಾರದ ಕಸಕ್ಕೆ ಸಮ. 2016ರ ಮಾರ್ಚ್‌ನಲ್ಲಿ ಕರ್ನಾಟಕ, 2022ರ ಜುಲೈ 1ರಿಂದ ಕೇಂದ್ರ ಸರಕಾರ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ ನಿಷೇಧಿಸಿವೆ. ಪರವಾನಿಗೆ ಇಲ್ಲದ ಜಾಗದಲ್ಲಿ 100ಕ್ಕಿಂತ ಹೆಚ್ಚು ಜನ ಸೇರಿಸುವವರು ಕನಿಷ್ಠ ಮೂರು ಕೆಲಸದ ದಿನ ಮೊದಲು ಸ್ಥಳೀಯಾಡಳಿತಕ್ಕೆ ತಿಳಿಸಬೇಕೆಂದು 2016ರ ನಿಯಮಗಳು ಹೇಳಿದವು. ನಮ್ಮ ಎಷ್ಟು ಮನೆಗಳಿಗೆ ಇದು ಗೊತ್ತು? ಒಂದೇ ದೊಡ್ಡ ತಟ್ಟೆಯ ಸುತ್ತ ನಾಲ್ಕೈದು ಜನ ಕುಳಿತು ಉಣ್ಣುವುದು ನಮ್ಮ ಹಳೆಯ ಪದ್ಧತಿ. ಅದರಲ್ಲಿ ಕಸವೂ ಇಲ್ಲ, ಅನ್ನ ದಂಡವೂ ಕಡಿಮೆ. ಮಸೀದಿಯ ಸ್ಟೋರಿನಲ್ಲಿ ಇನ್ನೂರು, ಮುನ್ನೂರು ಸ್ಟೀಲ್ ತಟ್ಟೆ, ಲೋಟ ಇಟ್ಟು ಕಡಿಮೆ ಬಾಡಿಗೆಗೆ ಕೊಡಬಹುದು. ನಿಕಾಹ್ ದಿನ ಬರೆಸಲು ಬಂದವರಿಗೆ ಕಸ ಎಲ್ಲಿಗೆ ಹೋಗುತ್ತದೆ ಎಂದು ಕಾರ್ಯದರ್ಶಿ ಒಂದು ಪ್ರಶ್ನೆ ಕೇಳಿದರೂ ಸಾಕು, ಬದಲಾವಣೆ ಶುರುವಾಗುತ್ತದೆ.

ಮೂರನೆಯದು ಬಕ್ರೀದ್. ಕುರ್ಬಾನಿ ಇಬಾದತ್. ಅದರ ತ್ಯಾಜ್ಯ ತೊಟ್ಟೆಯಲ್ಲಿ ಹೊಳೆಗೆ, ಸೇತುವೆಯ ಕೆಳಗೆ ಹೋಗುವುದು ಆ ಇಬಾದತಿಗೂ ಶೋಭೆಯಲ್ಲ, ನೆರೆಯವರ ಮುಂದೆ ಸಮುದಾಯಕ್ಕೂ ಗೌರವ ಅಲ್ಲ. ಹಬ್ಬಕ್ಕೆ ಹದಿನೈದು ದಿನ ಮೊದಲೇ ಸಮಿತಿ ಸ್ಥಳೀಯಾಡಳಿತದ ಜೊತೆ ಮಾತಾಡಿ ಗಾಡಿಯ ಏರ್ಪಾಡು ಮಾಡಬೇಕು. ಜಾಗ ಇದ್ದವರು ತಮ್ಮ ಹಿತ್ತಿಲಲ್ಲಿ, ಬಾವಿಯಿಂದ ದೂರ, ಆಳ ಗುಂಡಿ ತೋಡಿ ಸುಣ್ಣ ಹಾಕಿ ಮುಚ್ಚಬೇಕು.

ನಾಲ್ಕನೆಯದು ಹಣ. ಮಸೀದಿಗೆ ಮಾರ್ಬಲ್ ಹಾಸುವುದೆಂದರೆ ಗಲ್ಫ್ ಘಟಕಗಳಿಂದ ಒಂದೆರಡು ತಿಂಗಳಲ್ಲಿ ಹಣ ಕೂಡುತ್ತದೆ. ಅದೇ ಮಸೀದಿಯ ಹಿಂದಿನ ತೋಡಿಗೆ ಒಂದು ಕಬ್ಬಿಣದ ಜಾಲಿ ಹಾಕಲು ಯಾರ ಬಳಿಯೂ ಹಣ ಇರುವುದಿಲ್ಲ. ಜಿದ್ದಾ, ದಮಾಮ್, ಜುಬೈಲಿನ ಕಾರ್ನಿಶ್‌ನಲ್ಲಿ ಶುಕ್ರವಾರ ಸಂಜೆ ನಡೆದವರು ನಮ್ಮಲ್ಲಿ ಸಾವಿರಾರು ಜನ. ಅಲ್ಲಿ ಚಿಪ್ಸ್ ತೊಟ್ಟೆಯನ್ನು ಜೇಬಿನಲ್ಲಿ ಇಟ್ಟುಕೊಂಡು ಡಬ್ಬ ಹುಡುಕುವ ಅದೇ ಕೈ ಇಲ್ಲಿ ಕಾರಿನ ಕಿಟಕಿಯಿಂದ ನೇತ್ರಾವತಿಗೆ ಎಸೆಯಬಾರದು. ಊರಿಗೆ ಏನಾದರೂ ಮಾಡಬೇಕು ಎಂದು ಆಸೆ ಇರುವ ಅನಿವಾಸಿಗಳು ಒಂದು ಕೈಗಾಡಿ, ಒಂದು ಸೋಸುವ ಜಾಲಿ, ಒಬ್ಬ ಕೆಲಸಗಾರನ ವರ್ಷದ ಸಂಬಳ ವಹಿಸಿಕೊಳ್ಳಲಿ. ಇದೂ ಸದಕವೇ.

ಐದನೆಯದನ್ನು ಮೊದಲು ಹೇಳಬೇಕಿತ್ತೇನೋ. ಮನೆಯ ಕಸವನ್ನು ದಿನಾ ಮುಟ್ಟುವವರು ಹೆಂಗಸರು. ಯಾವ ಓಣಿಯಲ್ಲಿ ಗಾಡಿ ಯಾವ ದಿನ ತಪ್ಪುತ್ತದೆ ಎಂಬುದು ಅವರಿಗೆ ಗೊತ್ತು, ಸಮಿತಿಯ ಸದಸ್ಯರಿಗೆ ಗೊತ್ತಿಲ್ಲ. ಆದರೆ ಈ ಬಗ್ಗೆ ಸಭೆ ಆದರೆ ಅಲ್ಲಿ ಇರುವವರೆಲ್ಲ ಗಂಡಸರು. ಬೀಡಿ ಕಟ್ಟುತ್ತಾ ಮನೆ ನಡೆಸಿದ, ಸ್ವಸಹಾಯ ಗುಂಪಿನಲ್ಲಿ ಲೆಕ್ಕ ಬರೆಯುವ ನಮ್ಮ ಹೆಣ್ಣುಮಕ್ಕಳಿಗೆ ಇದನ್ನು ನಡೆಸಲು ಬರುವುದಿಲ್ಲವೇ? ಮದ್ರಸದ ಹಾಲಿನಲ್ಲಿ ಅವರದ್ದೇ ಒಂದು ಸಭೆ ಕರೆದು, ಅವರು ಹೇಳಿದ್ದನ್ನು ಸಮಿತಿ ಬರೆದುಕೊಳ್ಳಲಿ.

ಇದು ನಾವು ಒಬ್ಬರೇ ಮಾಡಿ ಮುಗಿಸುವ ಕೆಲಸವೂ ಅಲ್ಲ. ಕಸಬಾ ಬೆಂಗರೆಯ ಪಕ್ಕದಲ್ಲೇ ತೋಟ ಬೆಂಗರೆಯ ಮೊಗವೀರರು ಇದ್ದಾರೆ. ಹೊಳೆಯೂ ಒಂದೇ, ಕಡಲೂ ಒಂದೇ, ಬಲೆಗೆ ಸಿಗುವ ಪ್ಲಾಸ್ಟಿಕ್ಕೂ ಒಂದೇ. ಮಂಗಳೂರಿನ ರಾಮಕೃಷ್ಣ ಮಠದವರು ವರ್ಷಗಟ್ಟಲೆ ಭಾನುವಾರ ಬೆಳಗ್ಗೆ ಪೊರಕೆ ಹಿಡಿದು ಬೀದಿಗಿಳಿದದ್ದನ್ನು ಈ ಊರು ನೋಡಿದೆ. ಒಳ್ಳೆಯ ಕೆಲಸವನ್ನು ಯಾರಿಂದಲೂ ಕಲಿಯಬಹುದು. ಮಸೀದಿಯ ಸಮಿತಿ, ಭಜನಾ ಮಂದಿರ, ಚರ್ಚಿನ ವಾಳೆಯವರು ಒಂದೇ ಕಾಗದಕ್ಕೆ ಸಹಿ ಹಾಕಿ ಪಾಲಿಕೆಗೆ ಕೊಟ್ಟರೆ ಅದಕ್ಕೆ ಇರುವ ಬಲವೇ ಬೇರೆ. ಊರಲ್ಲಿ ಮನಸ್ಸುಗಳು ದೂರವಾಗುತ್ತಿರುವ ಈ ದಿನಗಳಲ್ಲಿ ಒಟ್ಟಿಗೆ ನಿಲ್ಲಲು ಇದಕ್ಕಿಂತ ನಿರಪಾಯದ ಕಾರಣ ಇನ್ನೊಂದು ಸಿಗದು.

ಪಾಲಿಕೆಗೂ ನಗರಸಭೆಗೂ ನಮ್ಮ ಮ‌ಾತು ಇಷ್ಟೇ. ಕಸದ ಕರ ಎಲ್ಲ ಮನೆಗಳಿಂದ ತೆಗೆದುಕೊಳ್ಳುವಾಗ ಗಾಡಿ ಎಲ್ಲ ಓಣಿಗಳಿಗೂ ಬರಬೇಕು. ದೊಡ್ಡ ಗಾಡಿ ಹೋಗದ ಕಡೆಗೆ ಕೈಗಾಡಿ ಕಳಿಸಿ. ಬೇರೆ ಮಾಡಿ ಕೊಟ್ಟ ಹಸಿ, ಒಣ ಕಸವನ್ನು ಗಾಡಿಯಲ್ಲಿ ಮತ್ತೆ ಬೆರೆಸಬೇಡಿ. ಜನ ಅದನ್ನು ನೋಡಿದ ದಿನವೇ ಬೇರೆ ಮಾಡುವುದನ್ನು ನಿಲ್ಲಿಸುತ್ತಾರೆ. ತೋಡು, ರಾಜಕಾಲುವೆಯ ಹೂಳನ್ನು ಮೇ ತಿಂಗಳು ಮುಗಿಯುವ ಮೊದಲು ತೆಗೆಯಿರಿ, ತೆಗೆದ ಹೂಳನ್ನು ಪಕ್ಕದಲ್ಲೇ ರಾಶಿ ಹಾಕಿ ಹೋಗಬೇಡಿ.

ಮುಂದಿನ ಮಹಾಸಭೆಯ ನೋಟಿಸು ಬರೆಯುವ ಕಾರ್ಯದರ್ಶಿಗಳಲ್ಲಿ ನಮ್ಮ ವಿನಂತಿ: ಲೆಕ್ಕಪತ್ರ, ಉಸ್ತಾದರ ಸಂಬಳ, ಕಟ್ಟಡ ಕೆಲಸದ ಕೆಳಗೆ "ನಮ್ಮ ಓಣಿ, ನಮ್ಮ ಕಡವು" ಎಂಬ ಒಂದು ವಿಷಯ ಸೇರಿಸಿ. ಅರ್ಧ ಗಂಟೆ ಕೊಡಿ. ಗಾಡಿ ಬಾರದ ಓಣಿಗಳ ಪಟ್ಟಿ ಮಾಡಲು ಅಲ್ಲಿಯೇ ನಾಲ್ಕು ಜನರ ಹೆಸರು ಬರೆದುಕೊಳ್ಳಿ. ಮಳೆ ಬರುವುದಕ್ಕೆ ಮೊದಲು ಅಷ್ಟಾದರೆ ಈ ವರ್ಷಕ್ಕೆ ಅದೇ ಒಳ್ಳೆಯ ಆರಂಭ.